ಉಸಿರಿಗೊಂದು ಊರುಗೋಲು

ಮನೆಯ ಹಿರಿಯರು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡತೊಡಗಿದರೆ ನಾವೆಲ್ಲ ಹೇಳುವುದು ಒಂದೇ ಮಾತು: ‘ಓಡಾಡಬೇಡಿ, ಸುಮ್ಮನೆ ಕೂತಿರಿ. ಬೇಕಾದ್ದನ್ನು ನಾವೇ ತಂದುಕೊಡುತ್ತೇವೆ.’ ಪ್ರೀತಿಯಿಂದ ಆಡುವ ಮಾತೇ ಇದು. ಆದರೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯವರಿಗೆ ಹಿತವಾದ ಮಾತಲ್ಲ. ಅವರಿಗೆ ಔಷಧಿಯ ಜೊತೆಗೆ ವ್ಯಾಯಾಮವೂ ಬೇಕು. ಉಸಿರೇ ಸಾಲದವರು ವ್ಯಾಯಾಮ ಮಾಡುವುದು ಹೇಗೆ? ಅದಕ್ಕೂ ದಾರಿಗಳಿವೆ.

ಇಂಥ ಕಾಯಿಲೆಗಳಲ್ಲಿ ಬಹಳ ಸಾಮಾನ್ಯವಾದದ್ದು ಸಿಒಪಿಡಿ. ಇದರಲ್ಲಿ ಶ್ವಾಸನಾಳದ ಕವಲುಗಳು ಕಿರಿದಾಗುತ್ತವೆ, ಗಾಳಿಗೂಡುಗಳ ಗೋಡೆಗಳು ಹಾಳಾಗುತ್ತವೆ. ಬೀಡಿ, ಸಿಗರೇಟು ಇದಕ್ಕೆ ದೊಡ್ಡ ಕಾರಣ. ಬೀಡಿಯನ್ನು ಕೈಯಲ್ಲೂ ಮುಟ್ಟದ ಅಜ್ಜಿಯರನ್ನು ಕಾಡುವುದು ಸೌದೆ ಒಲೆಯ ಹೊಗೆ. ಮೈಸೂರು ಜಿಲ್ಲೆಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸರಳ ಲೆಕ್ಕ ಹಾಕಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕಳೆದರು ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಕಫ–ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ ಸಾಕು, 60 ಆಯಿತು!

ತೊಂದರೆ ಎಲ್ಲಿದೆ?

ಇವರಿಗೆ ಗಾಳಿ ಒಳಗೆ ಹೋಗುವುದಿಲ್ಲ ಎಂದು ನಾವು ತಿಳಿಯುತ್ತೇವೆ. ನಿಜವಾದ ತೊಂದರೆ ಇರುವುದು ಗಾಳಿ ಹೊರಬರುವುದರಲ್ಲಿ. ಆರೋಗ್ಯವಂತ ಶ್ವಾಸಕೋಶ ಊದಿದ ಬಲೂನಿನಂತೆ ತಾನಾಗಿಯೇ ಕುಗ್ಗಿ ಗಾಳಿಯನ್ನು ಹೊರದೂಡುತ್ತದೆ. ಸಿಒಪಿಡಿಯಲ್ಲಿ ಈ ಗುಣ ಕುಂದುತ್ತದೆ. ಉಸಿರು ಬಿಡುವಾಗ ಸಣ್ಣ ಕವಲುಗಳು ಮುಚ್ಚಿಕೊಳ್ಳುತ್ತವೆ. ವಿಶ್ರಾಂತಿಯಲ್ಲಿದ್ದಾಗ ಉಸಿರು ಬಿಡಲು ಸಮಯವಿರುತ್ತದೆ. ನಡೆಯುವಾಗ ಉಸಿರಿನ ವೇಗ ಹೆಚ್ಚಿ, ಹಳೆಯ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಹೊಸ ಉಸಿರು ಶುರುವಾಗುತ್ತದೆ. ಸಿಟಿ ಬಸ್ಸಿನಲ್ಲಿ ಇಳಿಯುವವರು ಇಳಿಯದೆ ಹತ್ತುವವರಿಗೆ ಜಾಗ ಎಲ್ಲಿಂದ ಬರಬೇಕು?

ಇದನ್ನು ನೀವೇ ಅರಿಯಬಹುದು. ಕುಳಿತುಕೊಂಡು ಒಂದು ಉಸಿರು ಎಳೆದುಕೊಳ್ಳಿ. ಅರ್ಧ ಮಾತ್ರ ಬಿಡಿ. ಮತ್ತೆ ಎಳೆದು ಮತ್ತೆ ಅರ್ಧವೇ ಬಿಡಿ. ನಾಲ್ಕು ಸಲ ಹೀಗೆ ಮಾಡಿ ನಿಲ್ಲಿಸಿಬಿಡಿ. (ಅಸ್ತಮಾ, ಹೃದಯದ ತೊಂದರೆ ಇರುವವರು ಮಾಡುವುದು ಬೇಡ.) ಎದೆ ತುಂಬ ಗಾಳಿಯಿದ್ದರೂ ಉಸಿರು ಸಾಲದು ಎನಿಸಿತಲ್ಲವೆ? ರೋಗಿಗೆ ಅಂಗಡಿಯವರೆಗೆ ನಡೆದರೂ ಆಗುವ ಅನುಭವ ಇದೇ ಜಾತಿಯದು.

ಈ ಹೆದರಿಕೆಯಿಂದ ಅವರು ನಡೆಯುವುದನ್ನೇ ಬಿಡುತ್ತಾರೆ. ಬಳಸದ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುವಿನಲ್ಲಿ ಸ್ವಲ್ಪ ಶ್ರಮಕ್ಕೇ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ಅದರಿಂದ ಉಸಿರಿನ ಬೇಡಿಕೆ ಇನ್ನೂ ಏರುತ್ತದೆ. ಅಲ್ಲಿಂದ ಮುಂದೆ ಅಂಗಳಕ್ಕೆ ಹೋಗುವುದೂ ಕಷ್ಟವೇ. ಹಾಳಾದ ಗಾಳಿಗೂಡನ್ನು ವ್ಯಾಯಾಮ ಸರಿಪಡಿಸಲಾರದು. ಆದರೆ ಸೊರಗಿದ ಕಾಲಿಗೆ ಬಲ ತುಂಬಬಲ್ಲದು. ಜಗತ್ತಿನ ಹಲವೆಡೆ 3,822 ರೋಗಿಗಳ ಮೇಲೆ ನಡೆದ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಸಮೀಕ್ಷೆ, ಇಂಥ ತರಬೇತಿಯಿಂದ ಏದುಸಿರು, ಆಯಾಸ ಎರಡೂ ಕಡಿಮೆಯಾಗುತ್ತವೆ ಎಂದು ಖಚಿತಪಡಿಸಿತು.

ಆಸರೆಗಳು ಯಾವುವು?

ಮೊದಲನೆಯದಕ್ಕೆ ಕಾಸಿನ ಖರ್ಚಿಲ್ಲ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದು, ಸಿಳ್ಳೆ ಹಾಕುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುವುದು. ಕಿರಿದಾದ ತುಟಿ ಒಳಗೆ ಸ್ವಲ್ಪ ಒತ್ತಡ ಉಳಿಸುವುದರಿಂದ ಸಣ್ಣ ಕವಲುಗಳು ಬೇಗ ಮುಚ್ಚುವುದಿಲ್ಲ. ದಣಿದಾಗ ತುಸು ಮುಂದೆ ಬಾಗಿ, ಕೈಗಳನ್ನು ತೊಡೆಯ ಮೇಲೋ ಮೇಜಿನ ಮೇಲೋ ಊರಿದರೆ ವಪೆಯ ಕೆಲಸವೂ ಹಗುರಾಗುತ್ತದೆ.

ಎರಡನೆಯದು ಆಮ್ಲಜನಕ. ವಿಶ್ರಾಂತಿಯಲ್ಲೂ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು ಬ್ರಿಟನ್ನಿನ ಪ್ರಯೋಗವೊಂದು 1981ರಲ್ಲಿ ತೋರಿಸಿತು. ನಡೆದಾಗ ಮಾತ್ರ ಆಮ್ಲಜನಕ ಇಳಿಯುವವರ ವಿಷಯ ಬೇರೆ. ಆಸ್ಟ್ರೇಲಿಯಾದಲ್ಲಿ ಇಂಥ 111 ಮಂದಿಗೆ ವಾರಕ್ಕೆ 3 ಸಲದಂತೆ 8 ವಾರ ವ್ಯಾಯಾಮ ಮಾಡಿಸಿದರು. ಒಂದು ಗುಂಪಿನ ಮೂಗಿನ ಕೊಳವೆಯಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಬರಿಯ ಗಾಳಿ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ತರಬೇತಿ ಕೊಡುವವರಿಗೂ ಗೊತ್ತಿಲ್ಲ. 2019ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ: ಎರಡೂ ಗುಂಪಿನವರ ನಡಿಗೆಯ ಶಕ್ತಿ ಹೆಚ್ಚಿತು, ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ. ಗುಣ ಕೊಟ್ಟದ್ದು ಸಿಲಿಂಡರಲ್ಲ, ವ್ಯಾಯಾಮ!

ಹಾಗೆಂದು ವೈದ್ಯರು ಬರೆದುಕೊಟ್ಟ ಆಮ್ಲಜನಕವನ್ನು ಯಾರೂ ನಿಲ್ಲಿಸಕೂಡದು. ತಾವಾಗಿಯೇ ಹೆಚ್ಚಿಸಲೂಬಾರದು, ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟಕ್ಕೆ ಏರಬಹುದು.

ಮೂರನೆಯದು ಮುಖವಾಡದ ಯಂತ್ರ. ಕೋವಿಡ್ ಕಾಲದಲ್ಲಿ ಬೈಪ್ಯಾಪ್ ಎಂಬ ಹೆಸರು ಅನೇಕರ ಕಿವಿಗೆ ಬಿದ್ದಿದೆ. ಉಸಿರೆಳೆಯುವಾಗ ಹೆಚ್ಚು ಒತ್ತಡದಿಂದ ಗಾಳಿ ತಳ್ಳಿ, ಬಿಡುವಾಗ ಒತ್ತಡವನ್ನು ತಗ್ಗಿಸುವ ಯಂತ್ರವಿದು. ದಣಿದ ಉಸಿರಾಟದ ಸ್ನಾಯುಗಳ ಭಾರವನ್ನು ಇದು ಹಂಚಿಕೊಳ್ಳುವುದರಿಂದ ರೋಗಿ ಸೈಕಲ್ ಯಂತ್ರವನ್ನು ಇನ್ನಷ್ಟು ಹೊತ್ತು ತುಳಿಯಬಲ್ಲ. ಆದರೆ 2014ರ ಸಮೀಕ್ಷೆಗೆ ಸಿಕ್ಕ ಪ್ರಯೋಗಗಳು 6 ಮಾತ್ರ. ಸ್ವಲ್ಪ ಲಾಭ ಕಂಡರೂ ಪುರಾವೆ ಗಟ್ಟಿಯಾಗಿರಲಿಲ್ಲ. ರೋಗ ಬಲಿತವರಿಗೆ, ತಜ್ಞರ ಕಣ್ಣೆದುರಿನಲ್ಲಿ ಬಳಸುವ ಸಾಧನ ಇದು.

ಮನೆಯವರು ಏನು ಮಾಡಬಹುದು?

ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಆರು ನಿಮಿಷ ನಡೆಸಿ, ದೂರವನ್ನೂ ಆಮ್ಲಜನಕದ ಮಟ್ಟವನ್ನೂ ಅಳೆದು, ಎಷ್ಟು ವ್ಯಾಯಾಮ ತಕ್ಕದ್ದೆಂದು ಹೇಳುತ್ತಾರೆ. ಆಮೇಲೆ ಸಮತಟ್ಟಾದ ಜಾಗದಲ್ಲಿ ಎರಡು ನಿಮಿಷ ನಡಿಗೆ, ಒಂದು ನಿಮಿಷ ವಿಶ್ರಾಂತಿ ಎಂಬಂತೆ ಶುರುಮಾಡಬಹುದು. ಸ್ವಲ್ಪ ಏದುಸಿರು ಬಂದರೆ ಗಾಬರಿ ಬೇಡ. ಎದೆನೋವು, ತಲೆಸುತ್ತು, ತುಟಿ ನೀಲಿಗಟ್ಟುವುದು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಆಮ್ಲಜನಕ ಇರುವಲ್ಲಿ ಬೀಡಿ, ಬೆಂಕಿ ಸುಳಿಯಕೂಡದು.

ಮಕ್ಕಳಿಗೂ ಇಲ್ಲಿ ಕೆಲಸವಿದೆ. ಸಂಜೆ ಅಜ್ಜನ ಜೊತೆ ಹೆಜ್ಜೆ ಹಾಕಿ, ಅವರ ವೇಗದಲ್ಲೇ. ನಡೆಯುವಾಗ ಪ್ರಶ್ನೆ ಕೇಳಿ ಮಾತಿಗೆಳೆಯಬೇಡಿ. ಮಾತಿಗೂ ಉಸಿರು ಬೇಕು. ‘ಒಂದು, ಎರಡು’ ಎಂದು ಒಳಗೆ, ‘ಒಂದು, ಎರಡು, ಮೂರು, ನಾಲ್ಕು’ ಎಂದು ಹೊರಗೆ, ನೀವು ಎಣಿಸಿಕೊಡಿ. ಎಷ್ಟು ವಿದ್ಯುತ್ ಕಂಬ ದಾಟಿದಿರೆಂದು ದಿನವೂ ನೋಟ್ ಪುಸ್ತಕದಲ್ಲಿ ಬರೆದಿಡಿ. ಎಂಟು ವಾರಗಳ ನಂತರ ಆ ಪುಟವನ್ನು ಅಜ್ಜನಿಗೇ ಓದಿ ಹೇಳಿ.