ಶಿರಾದಲ್ಲಿ ಉಳಿದದ್ದು, ಶಿರಾದಿಂದ ಹೋದದ್ದು

ರೋಮ್ ನಗರಕ್ಕೆ ಹೋಗುವ ಯಾತ್ರಿಕರು ಕಲೋಸಿಯಮ್ ಎಂಬ ಮಹಾ ರಂಗಸ್ಥಳವನ್ನು ನೋಡದೆ ಹಿಂತಿರುಗುವುದಿಲ್ಲ. ಅವರು ಕಾಣುವುದು ಅಳಿದುಳಿದ ಗೋಡೆ. ಅದರ ಕಲ್ಲುಗಳಲ್ಲಿ ಬಹುಪಾಲನ್ನು ಆಮೇಲಿನ ಜನ ಕಿತ್ತೊಯ್ದು ಅರಮನೆಗಳಿಗೂ ಇಗರ್ಜಿಗಳಿಗೂ ಹಾಕಿಕೊಂಡರು. ಹಳೆಯ ಪಟ್ಟಣವನ್ನು ನೋಡುವವರು ನಿಂತಿರುವುದನ್ನಷ್ಟೇ ಅಲ್ಲ, ಇಲ್ಲದ್ದು ಎಲ್ಲಿಗೆ ಹೋಯಿತೆಂಬುದನ್ನೂ ವಿಚಾರಿಸಬೇಕು. ಈ ಮಾತಿಗೆ ನಮ್ಮ ಶಿರಾ ಒಳ್ಳೆಯ ನಿದರ್ಶನ.

ದೊಡ್ಡೇರಿ ಸೀಮೆಯ ನಮಗೆ ಶಿರಾ ಎಂದರೆ ಸಂತೆಗೋ ಮದುವೆಗೋ ಹೋಗಿಬರುವ ಊರು, ಹೆದ್ದಾರಿಯ ಬಸ್ಸು ಹಿಡಿಯುವ ಊರು. ಅದು ಮೊಗಲರ ಒಂದು ಸುಬೆಯ ರಾಜಧಾನಿಯಾಗಿತ್ತೆಂಬುದು ಎಷ್ಟು ಮಂದಿಯ ನೆನಪಿನಲ್ಲಿದೆ?

ಊರನ್ನು ಕಟ್ಟಲು ತೊಡಗಿದವನು ರತ್ನಗಿರಿಯ ರಂಗಪ್ಪನಾಯಕನೆಂದು ಪ್ರತೀತಿ. ೧೬೩೮ರಲ್ಲಿ ಬಿಜಾಪುರದ ದಂಡನಾಯಕ ರಣದುಲ್ಲಾಖಾನ್ ಅದನ್ನು ಹಿಡಿದ. ೧೬೮೭ರಲ್ಲಿ ಮೊಗಲರು ಬಂದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಶಿರಾದ ಸುಬೇದಾರನ ಕೈಕೆಳಗಾದವು. ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ ಕಾಸಿಂಖಾನನೇ ಇಲ್ಲಿ ಆಳಿದವನು. ಇಂದಿನ ಬೆಂಗಳೂರಿನವರು ಕೇಳಿದರೆ ನಕ್ಕಾರು!

ನೋಡಲು ಹೋದವರು ಮೊದಲು ಮಲಿಕ್ ರಿಹಾನನ ಗೋರಿಗೆ ಹೋಗುವುದು ಲೇಸು. ಈತ ಬಿಜಾಪುರದ ಕಡೆಯಿಂದ ಆಳಿದ ಅಧಿಕಾರಿ. ಗೋರಿಯ ಕಾಲ ೧೬೫೧. ಬಿಜಾಪುರದಲ್ಲಿ ಗೋಳಗುಮ್ಮಟದ ಕೆಲಸ ಮುಗಿಯುತ್ತ ಬಂದದ್ದೂ ಆ ಸುಮಾರಿಗೇ. ಬಳಿಕ ೧೬೯೬ರ ಜುಮ್ಮಾ ಮಸೀದಿ, ಕೆತ್ತಿದ ಕಲ್ಲಿನ ಕಟ್ಟಡ. ಗೋರಿ ಬಿಜಾಪುರದ ಆಳಿಕೆಯದು, ಮಸೀದಿ ಮೊಗಲರದು. ನಡುವಣ ನಲವತ್ತೈದು ವರ್ಷಗಳಲ್ಲಿ ದೊರೆತನ ಬದಲಾದುದನ್ನು ಈ ಎರಡು ಕಟ್ಟಡಗಳೇ ಹೇಳುತ್ತವೆ. ಕಂದಕ ಸುತ್ತಿದ ಕೋಟೆಯನ್ನೂ ನೋಡಬಹುದು.

ಆದರೆ ಶಿರಾಕ್ಕೆ ಹೆಸರು ತಂದುದು ಇವಾವುವೂ ಅಲ್ಲ, ಸುಬೇದಾರ ದಿಲಾವರಖಾನನ ಅರಮನೆ. ಅದು ಈಗಿಲ್ಲ. ಕಲ್ಲಿನದಾಗಿದ್ದರೆ ಉಳಿಯುತ್ತಿತ್ತೇನೋ, ಬೇಗ ಹಾಳಾಗುವ ಸಾಮಗ್ರಿಯಿಂದ ಕಟ್ಟಿದ್ದರು. ಅದರ ಅಂದವನ್ನು ಕಂಡೇ ಹೈದರಾಲಿಯೂ ಟಿಪ್ಪುವೂ ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ತಮ್ಮ ಅರಮನೆಗಳನ್ನು ಅದರಂತೆ ಕಟ್ಟಿಸಿದರೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಬೆಂಗಳೂರಿನ ಕೋಟೆಯ ಬಳಿ ೧೭೯೧ರಲ್ಲಿ ಮುಗಿದ ಮರದ ಅರಮನೆ ಇನ್ನೂ ಇದೆ. ಅದರ ಕಂಬಗಳ ಸಾಲಿನಲ್ಲಿ ನಿಂತವರು ಶಿರಾದ ಅರಮನೆಯ ಚಹರೆಯನ್ನು ಸ್ವಲ್ಪಮಟ್ಟಿಗಾದರೂ ಊಹಿಸಿಕೊಳ್ಳಬಹುದು. ಇಲ್ಲಿನ ಖಾನ್‌ಬಾಗ್ ಎಂಬ ಉದ್ಯಾನವನ್ನು ಕಂಡೇ ಲಾಲ್‌ಬಾಗಿನ ಯೋಚನೆ ಹುಟ್ಟಿರಬಹುದೆಂದೂ ಹೇಳುವುದುಂಟು.

ವೈಭವ ಬಾಳಲಿಲ್ಲ. ೧೭೫೭ರಲ್ಲಿ ಮರಾಠರು, ೧೭೬೧ರಲ್ಲಿ ಹೈದರಾಲಿ, ೧೭೬೬ರಲ್ಲಿ ಪುನಃ ಮರಾಠರು, ೧೭೭೪ರಲ್ಲಿ ಟಿಪ್ಪು. ಹದಿನೇಳು ವರ್ಷಗಳಲ್ಲಿ ನಾಲ್ಕು ಸಲ ಊರು ಕೈ ಬದಲಾಯಿಸಿತು. ಅರಮನೆಯ ಮಾದರಿ ಹೋದಂತೆ ಜನರೂ ಹೋದರು. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಲು ಟಿಪ್ಪು ಶಿರಾದಿಂದ ೧೨,೦೦೦ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಅದೇ ಗೆಜೆಟಿಯರಿನಲ್ಲಿದೆ. ಶ್ರೀರಂಗಪಟ್ಟಣದ ಯಾತ್ರೆಗೆ ಹೋದವರು ದರಿಯಾದೌಲತ್ ನೋಡಿಕೊಂಡು ಸಂಗಮದ ಕಡೆ ಹೋಗುವಾಗ ದಾಟುವ ಊರೇ ಆ ಗಂಜಾಂ.