ಚಿತ್ರದ ಬಣ್ಣ, ಮಗುವಿನ ಕಣ್ಣು

ಎಳೆಯರ ಮನಸ್ಸು ಹಸಿಗೋಡೆಯಿದ್ದಂತೆ. ಅದರ ಮೇಲೆ ಒತ್ತಿದ ಮುದ್ರೆ ಬೇಗನೆ ಅಳಿಯದು. ಇಂದಿನ ದಿನಗಳಲ್ಲಿ ಆ ಮುದ್ರೆಯನ್ನೊತ್ತುವ ಕೈಗಳಲ್ಲಿ ಟಿ.ವಿ.ಯ ಕಾರ್ಟೂನುಗಳೂ ಸೇರಿವೆ.

ಕಳೆದ ಬೇಸಿಗೆಯಲ್ಲಿ ಜೇವರ್ಗಿಯ ಬಂಧುಗಳ ಮನೆಯಲ್ಲಿದ್ದೆ. ಆ ಮನೆಯ ಹತ್ತು ವರ್ಷದ ಬಾಲಕನನ್ನು ಓಣಿಯ ಗೆಳೆಯರು 'ಕಾಲಿಯಾ' ಎಂದು ಕೂಗುತ್ತಿದ್ದರು. 2008ರಲ್ಲಿ ಪ್ರಸಾರ ಆರಂಭಿಸಿದ 'ಛೋಟಾ ಭೀಮ್' ಕಾರ್ಟೂನಿನಲ್ಲಿ ನಾಯಕನ ಎದುರಾಳಿಯ ಹೆಸರದು. ಅದರ ಅರ್ಥ 'ಕರಿಯ' ಎಂದು. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಕನ್ನಡದ ಜೊತೆಗೆ ದಖ್ಖನಿ ಉರ್ದುವೂ ಓಣಿಯ ಮಾತಾದುದರಿಂದ ಇದನ್ನು ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಹೊಟ್ಟೆಕಿಚ್ಚಿನ ಜಗಳಗಂಟನಿಗೆ ಕರಿಯನೆಂಬ ಹೆಸರೇ ಒಪ್ಪುವುದೆಂಬ ಭಾವ ಸದ್ದಿಲ್ಲದೆ ಒಳಹೊಗುತ್ತದೆ.

ಇದು ಹೊಸದಲ್ಲ. ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು 1967ರಲ್ಲಿ ಪ್ರಾರಂಭಿಸಿದ 'ಅಮರ ಚಿತ್ರ ಕಥಾ' ಪುಸ್ತಕಗಳಿಂದ ಲಕ್ಷಾಂತರ ಮಕ್ಕಳು ಪುರಾಣಕಥೆಗಳನ್ನು ಅರಿತರು. ಆದರೆ ಅಲ್ಲಿಯೂ ಎಷ್ಟೋ ಅಸುರರು ಕಪ್ಪು ಮೈಯವರು.

"ಹಾಗೆ ಕರೆದರೆ ನಿನಗೆ ಬೇಸರವಿಲ್ಲವೇ?" ಎಂದು ಬಾಲಕನನ್ನು ಕೇಳಿದೆ. ಅವನೆಂದ: "ಇಲ್ಲರಿ ಅಜ್ಜಾರ. ಕಾಲಿಯಾ ದಿನಾ ಸೋಲ್ತಾನ, ಮತ್ತ ಮರುದಿನ ಬರ್ತಾನ. ಅಂವ ಅಂಜಂಗಿಲ್ಲ." ಚಿತ್ರ ಬರೆದವರು ಕೊಟ್ಟ ತೀರ್ಪನ್ನು ಆ ಕೂಸು ತಿರುಗಿಸಿಬಿಟ್ಟಿತ್ತು!

ದೂರದ ಅಮೆರಿಕೆಯಲ್ಲೂ ಹೀಗೆಯೇ ನಡೆದಿದೆ. 'ಸ್ಪೀಡಿ ಗೊಂಜಾಲೆಸ್' ಎಂಬ ಮೆಕ್ಸಿಕೋದ ಇಲಿಯ ಕಾರ್ಟೂನುಗಳು ಆ ಜನರನ್ನು ಹೀಗಳೆಯುತ್ತವೆಂದು 1999ರಲ್ಲಿ ಅಲ್ಲಿನ ಕಾರ್ಟೂನ್ ನೆಟ್‌ವರ್ಕ್ ಅವುಗಳನ್ನು ಬದಿಗಿರಿಸಿತು. ಆದರೆ ಅದೇ ಮೂಲದ ಅನೇಕರು, ಬಲಿಷ್ಠ ಬೆಕ್ಕನ್ನು ಜಾಣತನದಿಂದ ಸೋಲಿಸುವ ಆ ಪುಟ್ಟ ಇಲಿ ತಮ್ಮ ಹೆಮ್ಮೆಯೆಂದು ವಾದಿಸಿದರು; 2002ರಲ್ಲಿ ಅದು ಮರಳಿತು. ಆದರೂ ಆ ಇಲಿಯ ಸಂಗಡಿಗರನ್ನು ಸೋಮಾರಿಗಳಂತೆ ತೋರಿದ ದೋಷ ಉಳಿದೇ ಇದೆ. ನಮ್ಮ ಭಾಗದ ಮಾತನ್ನು ಸಿನಿಮಾಗಳು ಬರಿಯ ನಗೆಗಾಗಿ ಬಳಸಿದ್ದನ್ನು ಕಂಡ ನಮಗೆ ಆ ಹೆಮ್ಮೆಯೂ ಆ ನೋವೂ ತಿಳಿಯದವಲ್ಲ.

ಆದರೆ ಪ್ರತಿಯೊಂದು ಮಗುವೂ ತೀರ್ಪನ್ನು ತಿರುಗಿಸಬಲ್ಲದೇ? ಆ ಬಾಲಕನ ಪುಟ್ಟ ತಂಗಿ 'ಕಾಲಿಯಾನ ತಂಗಿ' ಎನಿಸಿಕೊಂಡು ಮೂಲೆಯಲ್ಲಿ ಅಳುತ್ತಿದ್ದಳು. ಅಣ್ಣನಿಗೆ ಒದಗಿದ ಧೈರ್ಯ ಅವಳಿಗೆ ಒದಗಿರಲಿಲ್ಲ. ನಾನು ಅವಳನ್ನು ಹೊಲಕ್ಕೆ ಕರೆದೊಯ್ದು, ಎರೆಮಣ್ಣನ್ನು ಅಂಗೈಯಲ್ಲಿಟ್ಟು, "ತೊಗರಿ ಬೆಳೆಯುವುದು ಯಾವ ಬಣ್ಣದ ಮಣ್ಣಿನಲ್ಲಿ, ತಾಯಿ?" ಎಂದೆ. ಅವಳು ಮಣ್ಣನ್ನೂ ತನ್ನ ಕೈಯನ್ನೂ ನೋಡಿ ಮೆಲ್ಲನೆ ನಕ್ಕಳು.

ತಾಯಿತಂದೆಗಳೇ, ಕಾರ್ಟೂನನ್ನು ನಿಲ್ಲಿಸಿದರೆ ಸಾಲದು. ಮಗುವಿನ ಪಕ್ಕದಲ್ಲಿ ಕುಳಿತು ನೋಡಿರಿ, "ಇವನನ್ನೇಕೆ ಹೀಗೆ ಬರೆದಿದ್ದಾರೆ?" ಎಂದು ಕೇಳಿರಿ. ಅದಕ್ಕೂ ಮೊದಲು, ನಮ್ಮ ಮನೆಯ ಮಾತಿನಲ್ಲಿ 'ಕರಿಯ' ಎಂಬುದು ಬೈಗುಳವಾಗಿದ್ದರೆ ಅದನ್ನು ಅಲ್ಲಿಯೇ ನಿಲ್ಲಿಸೋಣ.