ಅಂತರಿಕ್ಷ ನಿಲ್ದಾಣದಲ್ಲಿ ಧಾರವಾಡದ ಕಾಳು

ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐ.ಐ.ಟಿ.ಯೂ ಕೂಡಿ ಸಿದ್ಧಪಡಿಸಿದ ಪ್ರಯೋಗವೊಂದಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯದ ಕಾಳು 2025ನೆಯ ಇಸವಿಯ ಜೂನ್ ತಿಂಗಳಲ್ಲಿ, ಭೂಮಿಯಿಂದ ಸುಮಾರು 400 ಕಿಲೋಮೀಟರು ಮೇಲಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವನ್ನು ಸೇರಿದ ಸಂಗತಿಯನ್ನು ವಾಚಕರು ಬಲ್ಲರು. ಅವು ಮೊಳೆತುದನ್ನು ನೋಡಿ, ಚಿತ್ರ ತೆಗೆದು, ಶೀತಪೆಟ್ಟಿಗೆಯಲ್ಲಿ ಕಾದಿರಿಸಿದವರು ನಮ್ಮ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲ ಅವರು. ಆ ನಿಲ್ದಾಣವನ್ನು ಹೊಕ್ಕ ಭಾರತದ ಪ್ರಜೆಗಳಲ್ಲಿ ಇವರೇ ಮೊದಲಿಗರು. 1984ರಲ್ಲಿ ರಾಕೇಶ ಶರ್ಮರು ಹೋದದ್ದು ಸೋವಿಯತ್ತರ ಸಲ್ಯೂತ್-7 ಎಂಬ ನಿಲ್ದಾಣಕ್ಕೆ.

ಈ ಯಾತ್ರೆಗೆ ಸರಕಾರವು ಸುಮಾರು 550 ಕೋಟಿ ರೂಪಾಯಿ ವೆಚ್ಚ ಮಾಡಿತೆಂದು ಪತ್ರಿಕೆಗಳು ಬರೆದವು. ಹಣ ತೆತ್ತು ಪರರ ವಾಹನದಲ್ಲಿ ಆಸನ ಪಡೆದುದರಲ್ಲಿ ಹಿರಿಮೆಯೇನು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಉತ್ತರವನ್ನು ಜಯಘೋಷಗಳಲ್ಲಿ ಹುಡುಕದೆ ಅಲ್ಲಿಯ ದಿನಚರಿಯಲ್ಲಿ ಹುಡುಕತಕ್ಕದ್ದು.

ನಿಲ್ದಾಣವು ಗಂಟೆಗೆ ಸುಮಾರು 28,000 ಕಿಲೋಮೀಟರು ವೇಗದಿಂದ, ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುವದು. ಅಲ್ಲಿರುವವರಿಗೆ ದಿನಕ್ಕೆ 16 ಸೂರ್ಯೋದಯಗಳು. ಹಾಗೆಂದು ಅವರು ಕಿಟಕಿಯ ಬಳಿ ಕುಳಿತು ಸೃಷ್ಟಿಯ ಸೊಬಗನ್ನೇ ನೋಡುತ್ತಿರುವರೆಂದು ಯಾರೂ ಭಾವಿಸಬಾರದು. ತೂಕವಿಲ್ಲದ ಆ ಸ್ಥಿತಿಯಲ್ಲಿ ಎಲುಬು ಸವೆದು ಸ್ನಾಯುಗಳು ಕುಂದುವವು. ಆದುದರಿಂದ ಅಲ್ಲಿ ತಿಂಗಳುಗಟ್ಟಲೆ ನಿಲ್ಲುವವರು ನಿತ್ಯವೂ ಸುಮಾರು ಎರಡು ತಾಸು ಕಸರತ್ತು ಮಾಡಲೇಬೇಕು. ಓಡುವದಾದರೂ ಪಟ್ಟಿಗಳಿಂದ ಮೈಯನ್ನು ಯಂತ್ರಕ್ಕೆ ಬಿಗಿದುಕೊಂಡೇ ಓಡಬೇಕು. ನಿದ್ರೆಯಲ್ಲಿ ತೇಲಿಹೋಗದಂತೆ ಮಲಗುವ ಚೀಲವನ್ನು ಗೋಡೆಗೆ ಕಟ್ಟಿಕೊಳ್ಳುವರು. ಮೂತ್ರ, ಬೆವರು, ಉಸಿರಿನ ತೇವ ಇವೆಲ್ಲವನ್ನೂ ಯಂತ್ರಗಳಿಂದ ಶೋಧಿಸಿ ಪುನಃ ಕುಡಿಯುವ ನೀರಾಗಿ ಮಾಡಿಕೊಳ್ಳುವರು. ಮಡಿವಂತರು ಮೂಗು ಮುರಿದಾರು. ಒಂದು ಬಿಂದಿಗೆ ನೀರನ್ನು ಅಷ್ಟೆತ್ತರಕ್ಕೆ ಹೊರುವ ವೆಚ್ಚವನ್ನು ಲೆಕ್ಕಹಾಕಿದರೆ ಅವರೂ ಸುಮ್ಮನಾದಾರು. ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವವರೂ, ಕಸ ಬಳಿಯುವವರೂ ಈ ಗಗನಯಾತ್ರಿಗಳೇ.

ಇಂಥ ಜೀವನವನ್ನು ಗ್ರಂಥಗಳಿಂದ ಕಲಿಯಲಾಗದು. ಶುಕ್ಲರು ಮಾಸ್ಕೋ ಬಳಿಯ ಗಗಾರಿನ್ ಕೇಂದ್ರದಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಅಮೇರಿಕೆಯಲ್ಲಿಯೂ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಆದರೂ ಜೂನ್ 25ರಂದು ಹೊರಟು ಜುಲೈ 15ರಂದು ಪೆಸಿಫಿಕ್ ಸಾಗರದಲ್ಲಿ ಇಳಿಯುವವರೆಗಿನ ಸುಮಾರು 20 ದಿನಗಳು ಕಲಿಸಿದ ಪಾಠವೇ ಬೇರೆ. ಸ್ವಂತ ವಾಹನದಲ್ಲಿ ಮನುಷ್ಯರನ್ನು ಕಳುಹಿಸುವ ಗಗನಯಾನಕ್ಕೂ, 2035ರೊಳಗೆ ಕಟ್ಟಬೇಕೆಂದಿರುವ ನಮ್ಮದೇ ನಿಲ್ದಾಣಕ್ಕೂ ಈ ಪಾಠವು ಬೇಕು. ನಮ್ಮ ಮಟ್ಟಿಗೆ ಆ 550 ಕೋಟಿಯು ಆಸನದ ಬೆಲೆಯಲ್ಲ, ಗುರುದಕ್ಷಿಣೆ.

ದಕ್ಷಿಣೆ ಕೊಟ್ಟ ಪ್ರಜೆಗಳಿಗೆ ಲೆಕ್ಕ ಕೇಳುವ ಹಕ್ಕುಂಟು. ಮೊಳೆತ ಹೆಸರುಕಾಳಿನ ಸತ್ವವು ಅಲ್ಲಿ ಹೆಚ್ಚಿತೋ ಕುಂದಿತೋ ಎಂಬುದನ್ನು ಪಂಡಿತರ ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರವಲ್ಲದೆ, ಅದನ್ನು ಬೆಳೆಯುವ ಧಾರವಾಡ ಸೀಮೆಯ ರೈತನು ಓದಬಲ್ಲ ಕನ್ನಡದಲ್ಲಿಯೂ ಪ್ರಕಟಿಸಬೇಕೆಂದು ವಿಶ್ವವಿದ್ಯಾಲಯದವರನ್ನು ಕೇಳಿಕೊಳ್ಳುತ್ತೇವೆ.